ಬಕೆಟ್ ಸೀಟು ತರುವ ಮುಂಚೆ ಚಾಪೆ ಎತ್ತಿ ನೋಡಿ

ಪ್ರಶ್ನೆ: ನನ್ನ ಹತ್ತಿರ 1994ರ ಮಹೀಂದ್ರ ಎಂಎಂ 540 ಜೀಪು ಇದೆ. ಫೋರ್ ವೀಲ್ ಡ್ರೈವ್. ಊರು ಸಕಲೇಶಪುರ ತಾಲ್ಲೂಕು, ಬಿಸಿಲೆ ಕಡೆ. ಮನೆಯಿಂದ ತೋಟಕ್ಕೆ, ತೋಟದಿಂದ ಪೇಟೆಗೆ ದಿನಾ ಓಡಾಟ. ಹಿಂದಿನ ಮಾಲೀಕರು ಮುಂದಿನ ಸೀಟುಗಳನ್ನು ಕಿತ್ತು ಇಡೀ ಅಗಲಕ್ಕೆ ಒಂದೇ ಬೆಂಚ್ ಸೀಟು ಮಾಡಿಸಿದ್ದಾರೆ. ಮೂರು ಜನ ಕೂರಬಹುದು. ಆದರೆ ಅದು ಹಿಂದೆ ಮುಂದೆ ಸರಿಯುವುದಿಲ್ಲ, ಒರಗು ಹಲಗೆಯಂತೆ ನೆಟ್ಟಗಿದೆ. ನನಗೆ 52 ವರ್ಷ. ಎರಡು ವರ್ಷದಿಂದ ಸೊಂಟ ನೋವು. ಪೇಟೆಗೆ ಹೋಗಿ ಬಂದರೆ ಇಳಿದ ಮೇಲೆ ಹುಡ್‌ನ ಪೈಪು ಹಿಡಿದು ಸ್ವಲ್ಪ ಹೊತ್ತು ನಿಲ್ಲಬೇಕು. ಮಗ ರೇಸಿಂಗ್ ಬಕೆಟ್ ಸೀಟು ತರಿಸೋಣ ಎನ್ನುತ್ತಾನೆ. ಟಿಂಕರ್, 'ಗುಜರಿಯಿಂದ ಕಾರಿನ ಸೀಟು ತನ್ನಿ, ನಾಲ್ಕು ಬೋಲ್ಟು ಹೊಡೆದು ಕೊಡ್ತೀನಿ, ಅರ್ಧ ದಿನದ ಕೆಲಸ' ಎನ್ನುತ್ತಾನೆ. ಸ್ನೇಹಿತರೊಬ್ಬರು ಆರ್‌ಟಿಒ ಕಣ್ಣಿಗೆ ಬಿದ್ದರೆ ಗಾಡಿ ಸೀಜ್ ಎಂದು ಹೆದರಿಸಿದ್ದಾರೆ. ಮುಂದಿನ ವರ್ಷ ಆರ್‌ಸಿ ರಿನೀವಲ್ ಬೇರೆ ಇದೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಪ್ರಶ್ನೆಗಳು ಸೇರಿಕೊಂಡಿವೆ. ಬಕೆಟ್ ಸೀಟು, ಅಂದರೆ ಪಕ್ಕದಲ್ಲಿ ದಂಡೆ ಇರುವ, ಒಬ್ಬರೇ ಕೂರುವ ಸೀಟು ಹಾಕಿದರೆ ಸೊಂಟ ನೋವು ಹೋಗುತ್ತದೆಯೇ? ಆ ಸೀಟು ಜೀಪಿನಲ್ಲಿ ಗಟ್ಟಿಯಾಗಿ ನಿಲ್ಲುತ್ತದೆಯೇ? ಕಾನೂನು ಒಪ್ಪುತ್ತದೆಯೇ? ಜನ ಸಾಮಾನ್ಯವಾಗಿ ಮೊದಲನೆಯದನ್ನು ಮಾತ್ರ ಕೇಳುತ್ತಾರೆ. ನೀವು ಮೂರನೆಯದನ್ನೂ ಕೇಳಿದ್ದೀರಿ. ಎರಡನೆಯದನ್ನು ಟಿಂಕರ್ ಬಾಯಲ್ಲಿ ಹೇಳಿಸಿದ್ದೀರಿ. ನನಗೆ ಭಯ ಇರುವುದು ಆ ಎರಡನೆಯದರ ಮೇಲೇ.

ಮೊದಲು ಸೊಂಟದ ವಿಷಯ. ನೋವು ಕಾಲಿಗೆ ಇಳಿಯುತ್ತಿದ್ದರೆ, ಪಾದ ಜೋಮು ಹಿಡಿಯುತ್ತಿದ್ದರೆ ಸೀಟಿನ ಯೋಚನೆ ಬಿಟ್ಟು ಮೊದಲು ಮೂಳೆ ಡಾಕ್ಟರ ಹತ್ತಿರ ಹೋಗಿ. ಅದು ನನ್ನ ಗ್ಯಾರೇಜಿನ ಕೆಲಸ ಅಲ್ಲ. ಬರೀ ಸೊಂಟದಲ್ಲೇ ನಿಲ್ಲುವ ನೋವಾದರೆ, ಜೀಪಿನ ಪಾಲು ಅದರಲ್ಲಿ ಎಷ್ಟು ಎಂದು ನೋಡಬಹುದು.

ಕೂತಿರುವ ಮನುಷ್ಯನ ಬೆನ್ನುಮೂಳೆಗೆ ಒಂದು ದುರ್ಬಲ ಜಾಗ ಇದೆ. ಸೆಕೆಂಡಿಗೆ 4ರಿಂದ 6 ಸಲ ಮೇಲೆ ಕೆಳಗೆ ಕುಲುಕಿದರೆ ಅದು ಬೇರೆಲ್ಲಾ ಕುಲುಕಿಗಿಂತ ಜಾಸ್ತಿ ಕುಣಿಯುತ್ತದೆ. ತೊಂದರೆ ಏನೆಂದರೆ, ಸಾಮಾನ್ಯ ಕಾರಿನ ಫೋಮ್ ಸೀಟು ಕೂಡ ಸೆಕೆಂಡಿಗೆ 4ರ ಆಸುಪಾಸಿನ ಕುಲುಕನ್ನು ನುಂಗುವುದಿಲ್ಲ. ಅದನ್ನು ಇನ್ನಷ್ಟು ದೊಡ್ಡದು ಮಾಡಿ ನಮಗೆ ಕೊಡುತ್ತದೆ. ಕಾರಿನಲ್ಲಿ ಇದು ಗೊತ್ತಾಗುವುದಿಲ್ಲ. ಕೆಳಗಿನ ಸಸ್ಪೆನ್ಶನ್ ಅಷ್ಟರಲ್ಲಿ ಅರ್ಧ ಕೆಲಸ ಮುಗಿಸಿರುತ್ತದೆ. ನಿಮ್ಮ ಜೀಪಿನಲ್ಲಿ ಮುಂದೂ ಹಿಂದೂ ಕಮಾನು ಪಟ್ಟಿ (ಲೀಫ್ ಸ್ಪ್ರಿಂಗ್). ಮೂವತ್ತು ವರ್ಷದ ಪಟ್ಟಿಗಳು ತುಕ್ಕು ಹಿಡಿದು ಒಂದಕ್ಕೊಂದು ಅಂಟಿಕೊಂಡಿದ್ದರೆ ಅದು ಸ್ಪ್ರಿಂಗ್ ಅಲ್ಲ, ಕಬ್ಬಿಣದ ಕಟ್ಟು. ಅದರ ಮೇಲೆ ಎಂಥ ಸೀಟು ಇಟ್ಟರೂ ಪೆಟ್ಟು ನೇರ ಸೊಂಟಕ್ಕೇ.

ಆದ್ದರಿಂದ ಸೀಟಿಗೆ ದುಡ್ಡು ಹಾಕುವ ಮುಂಚೆ ಒಂದು ದಿನ ಜೀಪಿನ ಕೆಳಗೆ ಖರ್ಚು ಮಾಡಿ. ಪಟ್ಟಿಗಳನ್ನು ಬಿಚ್ಚಿಸಿ, ತುಕ್ಕು ಉಜ್ಜಿಸಿ, ಗ್ರೀಸ್ ಹಾಕಿಸಿ. ಪಟ್ಟಿಯ ತುದಿಯ ಕೊಂಡಿಯಲ್ಲಿರುವ ಶ್ಯಾಕಲ್ ಬುಶ್ ನೋಡಿಸಿ. ಶಾಕ್ ಅಬ್ಸಾರ್ಬರ್ ಎಣ್ಣೆ ಕಾರಿದ್ದರೆ ಬದಲಾಯಿಸಿ. ಹಿಂದಿನವರು ಮೂಟೆ ಹೊರಲಿ ಎಂದು ಹೆಚ್ಚುವರಿ ಪಟ್ಟಿ ಸೇರಿಸಿದ್ದಾರೋ ಎಣಿಸಿ ನೋಡಿ. ತೋಟದ ಜೀಪುಗಳಲ್ಲಿ ಇದು ಮಾಮೂಲು. ನೀವು ಒಬ್ಬರೇ ಓಡಾಡುವಾಗ ಆ ಪಟ್ಟಿ ನಿಮ್ಮ ಬೆನ್ನಿಗೆ ಭಾರ. ಟೈರಿನ ಗಾಳಿಯನ್ನೂ ನೋಡಿ. ಪಂಕ್ಚರ್ ಅಂಗಡಿ ಹುಡುಗ ಲಾರಿಗೆ ಹೊಡೆದ ಹಾಗೆ ಹೊಡೆದಿರುತ್ತಾನೆ. ಇನ್ನೊಂದು ಮಾತು, ನಗಬೇಡಿ: ಪ್ಯಾಂಟಿನ ಹಿಂದಿನ ಜೇಬಿನಲ್ಲಿ ಪರ್ಸ್ ಇಟ್ಟುಕೊಂಡು ಡ್ರೈವ್ ಮಾಡುತ್ತೀರಾ? ಒಂದು ಕುಂಡಿ ಮೇಲೆ, ಒಂದು ಕೆಳಗೆ. ನನ್ನ ಹತ್ತಿರ ಬಂದ ಎಷ್ಟೋ ಜನರ ಸೊಂಟ ನೋವು ಅಲ್ಲಿಂದಲೇ ಅರ್ಧ ಇಳಿದಿದೆ.

ಇಷ್ಟಾದರೂ ನಿಮ್ಮ ಬೆಂಚ್ ನಿರ್ದೋಷಿ ಅಲ್ಲ. ಸರಿಯದ ಸೀಟು ಅಂದರೆ ನಿಮ್ಮ ಕಾಲಿನ ಅಳತೆಗೆ ಗಾಡಿ ಹೊಂದುವುದಿಲ್ಲ, ಗಾಡಿಯ ಅಳತೆಗೆ ನೀವೇ ಬಗ್ಗಬೇಕು. ಕ್ಲಚ್ ಪೂರ್ತಿ ಒತ್ತಲು ಪ್ರತಿ ಸಲ ಸೊಂಟ ಜಾರಿಸುತ್ತಿದ್ದರೆ ದಿನಕ್ಕೆ ನೂರಾರು ಸಲ ಅದೇ ವ್ಯಾಯಾಮ. ಜೊತೆಗೆ ಬೆಂಚಿನಲ್ಲಿ ಪಕ್ಕದ ಹಿಡಿತ ಇಲ್ಲ. ಗಾಡಿ ಓರೆಯಾದಾಗಲೆಲ್ಲ ಸ್ಟೇರಿಂಗ್ ಹಿಡಿದು ಜೋತು ಬೀಳುತ್ತೇವೆ. ಬಿಸಿಲೆ ರಸ್ತೆಯಂಥ ತಿರುವುಗಳಲ್ಲಿ ಸೊಂಟದ ಸ್ನಾಯು ಇಡೀ ದಾರಿ ಬಿಗಿಯಾಗೇ ಇರುತ್ತದೆ. ಬಕೆಟ್ ಸೀಟಿನ ನಿಜವಾದ ಲಾಭ ಇಲ್ಲಿದೆ. ಮೆತ್ತಗಿರುವುದು ಅದರ ದೊಡ್ಡ ಗುಣ ಅಲ್ಲ, ಹಿಡಿದು ಕೂರಿಸುವುದು ದೊಡ್ಡ ಗುಣ.

ಹಾಗಾದರೆ ಮಗ ಹೇಳುವ ರೇಸಿಂಗ್ ಸೀಟು? ಬೇಡ. ಅದು ಇನ್ನೂ ಜಾಸ್ತಿ ಹಿಡಿಯುತ್ತದೆ ನಿಜ. ಆದರೆ ಅದರ ಬೆನ್ನು ಒಂದೇ ಅಚ್ಚಿನದು, ಒರಗಿಸಲು ಬರುವುದಿಲ್ಲ. ಫೋಮ್ ತೆಳ್ಳಗೆ. ಪಕ್ಕದ ದಂಡೆ ಎತ್ತರ. ರೇಸಿನವನು ಒಮ್ಮೆ ಹತ್ತಿ ಒಮ್ಮೆ ಇಳಿಯುತ್ತಾನೆ. ನೀವು ಗೇಟು ತೆಗೆಯಲು, ಮೋಟರ್ ಹಾಕಲು, ಆಳುಗಳ ಹತ್ತಿರ ಮಾತಾಡಲು ದಿನಕ್ಕೆ ಐವತ್ತು ಸಲ ಇಳಿಯುತ್ತೀರಿ. ಗಮ್‌ಬೂಟು ಹಾಕಿಕೊಂಡು, ಸೊಂಟ ನೋವು ಇಟ್ಟುಕೊಂಡು ಆ ದಂಡೆ ದಾಟುವುದನ್ನು ಊಹಿಸಿಕೊಳ್ಳಿ. ಇನ್ನೂ ಒಂದು ಅಪಾಯ ಇದೆ. ಆ ಸೀಟುಗಳು ನಾಲ್ಕು ಅಥವಾ ಆರು ಕಡೆ ಕಟ್ಟುವ ಬೆಲ್ಟು, ಅಂದರೆ ಹಾರ್ನೆಸ್‌ಗಾಗಿ ಮಾಡಿದವು. ಹಾರ್ನೆಸ್‌ನ ಭುಜದ ಪಟ್ಟಿಯನ್ನು ಹಿಂದೆ ಭುಜದ ಮಟ್ಟದಲ್ಲಿ ರೋಲ್ ಬಾರ್‌ಗೆ (ಗಾಡಿ ಮಗುಚಿದರೆ ತಲೆ ಕಾಯುವ ಗಟ್ಟಿ ಪೈಪಿನ ಚೌಕಟ್ಟಿಗೆ) ಕಟ್ಟಬೇಕು. ನಮ್ಮವರು ಸುಮ್ನೆ ನೆಲಕ್ಕೆ ಕಟ್ಟುತ್ತಾರೆ. ಡಿಕ್ಕಿ ಆದಾಗ ಆ ಪಟ್ಟಿ ಭುಜವನ್ನು ಕೆಳಗೆ ಜಗ್ಗಿ ಬೆನ್ನುಮೂಳೆಯನ್ನೇ ಜಜ್ಜುತ್ತದೆ. ಟಾರ್ಪಾಲಿನ ಹುಡ್ ಇರುವ ಜೀಪು ಮಗುಚಿದರೆ, ಹಾರ್ನೆಸ್‌ನಲ್ಲಿ ನೆಟ್ಟಗೆ ಬಿಗಿದು ಕೂತವನ ತಲೆಗೂ ನೆಲಕ್ಕೂ ನಡುವೆ ಬಟ್ಟೆ ಬಿಟ್ಟರೆ ಏನೂ ಇರುವುದಿಲ್ಲ.

ಈಗ ಟಿಂಕರ್‌ನ ನಾಲ್ಕು ಬೋಲ್ಟಿಗೆ ಬರೋಣ.

ಈ ಕೆಲಸ ಶುರು ಮಾಡಿದ ಹೊಸತರಲ್ಲಿ ನಾನೂ ಅದನ್ನೇ ಹೇಳುತ್ತಿದ್ದೆ. ಒಂದು ಜೀಪಿಗೆ ಹೀಗೇ ಕಾರಿನ ಸೀಟು ಕೂರಿಸಿ, ಕೆಳಗೆ ದಪ್ಪ ವಾಷರ್ ಹಾಕಿ ಬಿಗಿದು ಕೊಟ್ಟೆ. ಚೆನ್ನಾಗೇ ಕಂಡಿತು. ಎರಡು ಮಳೆಗಾಲ ಕಳೆದ ಮೇಲೆ ಅವರು ವಾಪಸ್ ಬಂದರು. ದನ ಅಡ್ಡ ಬಂತು ಎಂದು ಬ್ರೇಕ್ ತುಳಿದಾಗ ಸೀಟಿನ ಹಿಂಭಾಗ ಮೇಲೆದ್ದಿತ್ತು. ವಾಷರ್ ವಾಷರ್ ಆಗೇ ಇತ್ತು, ಬೋಲ್ಟ್ ಬೋಲ್ಟ್ ಆಗೇ ಇತ್ತು. ತಗಡು ಮಾತ್ರ ರೂಪಾಯಿ ಬಿಲ್ಲೆ ಅಗಲಕ್ಕೆ ದುಂಡಗೆ ಕಿತ್ತು ಬಂದಿತ್ತು. ಬರೀ ಬ್ರೇಕಿಗೆ. ಡಿಕ್ಕಿ ಆಗಿದ್ದರೆ ಅವರು ಸೀಟಿನ ಸಮೇತ ಸ್ಟೇರಿಂಗ್ ಮೇಲೆ ಇರುತ್ತಿದ್ದರು. ಆವತ್ತಿನಿಂದ ನಾನು ಸೀಟು ನೋಡುವುದು ಆಮೇಲೆ, ಚಾಪೆ ಎತ್ತುವುದು ಮೊದಲು.

ಲೆಕ್ಕ ಕಷ್ಟದ್ದಲ್ಲ. ಜೋರು ಡಿಕ್ಕಿಯಲ್ಲಿ ಪ್ರತಿ ವಸ್ತುವೂ ತನ್ನ ತೂಕದ ಸುಮಾರು 20 ಪಟ್ಟು ಬಲದಿಂದ ಮುಂದಕ್ಕೆ ಹಾರಲು ನೋಡುತ್ತದೆ ಎಂದಿಟ್ಟುಕೊಳ್ಳಿ. 15 ಕಿಲೋ ಸೀಟು ಒಂದೇ 300 ಕಿಲೋ ಎಳೆತ. ಈಗಿನ ಕಾರುಗಳಲ್ಲಿ ಬೆಲ್ಟಿನ ಬಕಲ್ ನೆಲಕ್ಕಿರುವುದಿಲ್ಲ, ಸೀಟಿಗೇ ಕೂರಿಸಿರುತ್ತಾರೆ. ಅಂಥ ಸೀಟು ತಂದರೆ ನಿಮ್ಮ 70 ಕಿಲೋ ತೂಕದ ಎಳೆತದಲ್ಲೂ ಒಂದು ದೊಡ್ಡ ಪಾಲು ಅದೇ ನಾಲ್ಕು ಬೋಲ್ಟಿಗೆ ಬೀಳುತ್ತದೆ. ಮೂರು ಕಡೆ ಹಿಡಿಯುವ ಬೆಲ್ಟಿನ ಬುಡ ಎಷ್ಟು ಗಟ್ಟಿ ಇದೆ ಎಂದು ಪರೀಕ್ಷೆ ಮಾಡುವಾಗ ಭುಜದ ಭಾಗಕ್ಕೊಂದು, ಸೊಂಟದ ಭಾಗಕ್ಕೊಂದು ಸುಮಾರು 1,350 ಕಿಲೋ ಬಲ ಹಾಕಿ ಎಳೆಯುತ್ತಾರೆ. ನಿಮ್ಮ ಜೀಪಿನ ನೆಲದ ತಗಡು ಒಂದು, ಒಂದೂವರೆ ಮಿಲಿಮೀಟರ್ ಇದ್ದೀತು. ಅದೂ ಹೊಸದಿದ್ದಾಗ. ಮಲೆನಾಡಿನ ಮಳೆ, ಒದ್ದೆ ಚಾಪೆ, ಗೊಬ್ಬರದ ಚೀಲದಿಂದ ಸೋರಿದ ಉಪ್ಪು, ಇಷ್ಟೆಲ್ಲ ಕಂಡ ತಗಡಿನಲ್ಲಿ ಈಗ ಎಷ್ಟು ಉಳಿದಿದೆಯೋ. ಸ್ಕ್ರೂಡ್ರೈವರ್ ಮೊನೆಯಿಂದ ಕುಟ್ಟಿ ನೋಡಿ. ಟಣ್ ಎಂದರೆ ಸರಿ. ಮೊನೆ ಒಳಗೆ ಹೋದರೆ ಸೀಟಿನ ಮಾತು ಆಮೇಲೆ, ಮೊದಲು ನೆಲ.

ಸರಿಯಾದ ದಾರಿ ಹೀಗೆ. ಸೀಟಿನ ಬುಡ ನೆಲದ ತಗಡಿನ ಮೇಲಲ್ಲ, ಚಾಸಿಗೆ ಹೊಂದಿದ ಅಡ್ಡಪಟ್ಟಿಯ ಮೇಲೆ ಕೂರಬೇಕು. ಅದು ಸಿಗದ ಕಡೆ ತಗಡಿನ ಕೆಳಗೆ ಉಕ್ಕಿನ ಪ್ಲೇಟ್ ಕೊಡಬೇಕು. ರ್‍ಯಾಲಿ ಕಾರುಗಳಿಗೆ ಅಂತರರಾಷ್ಟ್ರೀಯ ಮೋಟಾರು ಕ್ರೀಡಾ ಸಂಸ್ಥೆ ಎಫ್‌ಐಎ ಬರೆದಿರುವ ನಿಯಮ ಇಲ್ಲಿ ಒಳ್ಳೆಯ ಅಳತೆಗೋಲು: ಒಂದು ಸೀಟಿಗೆ ಕಡಿಮೆ ಎಂದರೂ ನಾಲ್ಕು ಕಡೆ 8 ಮಿಲಿಮೀಟರ್ ಬೋಲ್ಟು, ಪ್ರತಿ ಬೋಲ್ಟಿನ ಕೆಳಗೆ 3 ಮಿಲಿಮೀಟರ್ ದಪ್ಪದ, 40 ಚದರ ಸೆಂಟಿಮೀಟರ್ ಅಗಲದ ಉಕ್ಕಿನ ಪ್ಲೇಟು. ಅಂದರೆ ಹೆಚ್ಚುಕಡಿಮೆ ಬೆಂಕಿಪೊಟ್ಟಣ ಎರಡನ್ನು ಪಕ್ಕಪಕ್ಕ ಇಟ್ಟಷ್ಟು. ಹಳ್ಳಿಯ ಟಿಂಕರ್ ಕೈಯಲ್ಲೂ ಆಗುವ ಕೆಲಸ. ಬೋಲ್ಟಿನ ತಲೆ ಮೇಲೆ ಗಟ್ಟಿತನದ ಗುರುತಾಗಿ 8.8 ಅಥವಾ 10.9 ಎಂದು ಬರೆದಿರಬೇಕು. ಏನೂ ಬರೆಯದ ಬೋಲ್ಟು ಗೇಟಿಗೆ ಸಾಕು, ಸೀಟಿಗೆ ಬೇಡ. ಸೀಟ್ ಬೆಲ್ಟಿನದೇ ಬೇರೆ ಬೋಲ್ಟು, 7/16 ಇಂಚಿನ ಸಣ್ಣ ಮರೆಯದು (ಫೈನ್ ಥ್ರೆಡ್). ಅದರ ಜಾಗದಲ್ಲಿ ಕೈಗೆ ಸಿಕ್ಕಿದ್ದನ್ನು ಹಾಕಬಾರದು. ನಟ್ಟು ನೈಲಾನ್ ಬಳೆ ಇರುವಂಥದ್ದೇ ಇರಲಿ, ತೋಟದ ಕುಲುಕಿಗೆ ಮಾಮೂಲಿ ನಟ್ಟು ಸಡಿಲವಾಗುತ್ತದೆ.

ವೆಲ್ಡಿಂಗ್ ಶುರುವಾಗುವ ಮುಂಚೆ ಇನ್ನೊಂದು. ಡೀಸೆಲ್ ಟ್ಯಾಂಕ್ ಎಲ್ಲಿದೆ ಎಂದು ಬಗ್ಗಿ ನೋಡಿ. ಹಳೆಯ ಸಿಜೆ3ಬಿ ಜೀಪುಗಳಲ್ಲಿ ಟ್ಯಾಂಕ್ ಇರುವುದೇ ಡ್ರೈವರ್ ಸೀಟಿನ ಕೆಳಗೆ. ಮೂವತ್ತು ವರ್ಷದಲ್ಲಿ ನಿಮ್ಮ ಗಾಡಿಗೆ ಯಾರು ಯಾವ ಟ್ಯಾಂಕ್ ಎಲ್ಲಿ ಕೂರಿಸಿದ್ದಾರೋ. ಬ್ರೇಕ್ ಪೈಪು, ವೈರಿಂಗ್ ಎಲ್ಲಿ ಹಾದು ಹೋಗಿದೆ ಎಂದೂ ನೋಡಿ. ಬ್ಯಾಟರಿ ಬಿಚ್ಚಿಸಿ. ಮೇಲಿಂದ ಡ್ರಿಲ್ ಇಳಿಸಿದಾಗ ಕೆಳಗೆ ಏನಿದೆ ಎಂದು ಗೊತ್ತಿಲ್ಲದವನ ಕೈಗೆ ಡ್ರಿಲ್ ಕೊಡಬೇಡಿ.

ಗುಜರಿಯ ಸೀಟು ತಪ್ಪಲ್ಲ. ಬೆಂಗಳೂರಿನ ಶಿವಾಜಿನಗರದಿಂದಲೋ ಜೆ.ಸಿ. ರಸ್ತೆಯಿಂದಲೋ ತಂದ ಸೀಟುಗಳು ಮಲೆನಾಡಿನಲ್ಲಿ ಎಷ್ಟೋ ಓಡುತ್ತಿವೆ. ಆದರೆ ಯಾವುದನ್ನು ತರುತ್ತೀರಿ ಎನ್ನುವುದು ಮುಖ್ಯ. ತೀರಾ ಹೊಸ ಕಾರಿನ ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಎಂದು ಹೊಲಿದ ಚೀಟಿ ಇದ್ದರೆ ಮುಟ್ಟಬೇಡಿ. ಅದರೊಳಗೆ ಸಿಡಿಯುವ ಮದ್ದು ಇರುತ್ತದೆ, ಪಕ್ಕದಲ್ಲಿ ವೆಲ್ಡಿಂಗ್ ಮಾಡುವ ವಸ್ತು ಅದಲ್ಲ. ಬಕಲ್ ಬುಡದಲ್ಲಿ ವೈರು ಇದ್ದರೂ ಅದೇ ಅನುಮಾನ ಇಟ್ಟುಕೊಳ್ಳಿ. ಸಣ್ಣ ಕಾರಿನ ಸೀಟು ಇನ್ನೊಂದು ತಲೆನೋವು. ಕಾರಿನಲ್ಲಿ ಕಾಲು ಚಾಚಿ ಕೂರುತ್ತೇವೆ. ಹಿಮ್ಮಡಿಯಿಂದ ಸೊಂಟದ ಕೀಲಿನವರೆಗೆ ಹೆಚ್ಚೆಂದರೆ ಒಂದು ಗೇಣು ಚಿಲ್ಲರೆ ಎತ್ತರ. ಜೀಪಿನಲ್ಲಿ ಕುರ್ಚಿಯ ಹಾಗೆ ಕೂರಬೇಕು, ಒಂದೂವರೆ ಗೇಣಾದರೂ ಬೇಕು. ಹಾಗಾಗಿ ಟಿಂಕರ್ ಕೆಳಗೊಂದು ಸ್ಟೂಲು ಮಾಡುತ್ತಾನೆ. ಸ್ಟೂಲು ಎತ್ತರವಾದಷ್ಟೂ ಬುಡಕ್ಕೆ ಬೀಳುವ ಮುರಿತ ಹೆಚ್ಚು. ತೆಳ್ಳನೆ ಆಂಗಲ್‌ನ ನಾಲ್ಕು ಕಾಲು ಮಾಡಿದರೆ ಮಡಚಿಕೊಳ್ಳುತ್ತದೆ. ಅಡ್ಡ ಓರೆ ಪಟ್ಟಿ ಕೊಟ್ಟು ಪೆಟ್ಟಿಗೆಯಂತೆ ಕಟ್ಟಿಸಬೇಕು. ಬೇರೆ ಜೀಪು, ಎಸ್‌ಯುವಿಯಿಂದ ಬಂದ ಸೀಟಾದರೆ ಸಾಮಾನ್ಯವಾಗಿ ಈ ರಗಳೆ ಕಡಿಮೆ.

ಬೋಲ್ಟು ಹೊಡೆಯುವ ಮುಂಚೆ ಸೀಟನ್ನು ಹಲಗೆ ತುಂಡುಗಳ ಮೇಲೆ ಇಟ್ಟು ಅರ್ಧ ಗಂಟೆ ಅದರಲ್ಲಿ ಕೂರಿ. ಗಾಡಿ ನಿಂತಿರಲಿ. ಕ್ಲಚ್ ಪೂರ್ತಿ ಒತ್ತಿದಾಗ ಮೊಣಕಾಲು ಇನ್ನೂ ಸ್ವಲ್ಪ ಬಗ್ಗಿರಬೇಕು. ಹೊಟ್ಟೆಯ ನೇರಕ್ಕೆ ಸ್ಟೇರಿಂಗ್ ಬರಬೇಕು. ಫೋರ್ ವೀಲ್ ಲಿವರ್ ಹಾಕಲು ಬಗ್ಗಬಾರದು. ತಲೆಗೂ ಹುಡ್‌ನ ಪೈಪಿಗೂ ಕಡಿಮೆ ಎಂದರೂ ಒಂದು ಅಂಗೈ ಅಗಲ ಇರಬೇಕು. ಹಳ್ಳಕ್ಕೆ ಇಳಿದಾಗ ತಲೆ ಎಷ್ಟು ಏಳುತ್ತದೆ ಎಂದು ನಿಮಗೇ ಗೊತ್ತು. ಸೀಟ್ ಬೆಲ್ಟಿನ ಸೊಂಟದ ಪಟ್ಟಿ ಹೊಟ್ಟೆಯ ಮೇಲಲ್ಲ, ಕೆಳಗೆ ಸೊಂಟದ ಮೂಳೆಯ ಮೇಲೆ ಕೂರಬೇಕು. ಸೀಟು ಎತ್ತರಿಸಿ ಬೆಲ್ಟಿನ ಬುಡ ಅಲ್ಲೇ ಬಿಟ್ಟರೆ ಈ ಕೋನ ಕೆಡುತ್ತದೆ. ಭುಜದ ಪಟ್ಟಿಯ ಮೇಲಿನ ಕೊಂಡಿ ನಿಮ್ಮ ಭುಜಕ್ಕಿಂತ ಕೆಳಗಿರಬಾರದು. ತೆರೆದ ಜೀಪಿನಲ್ಲಿ ಅದಕ್ಕೆ ಗಟ್ಟಿ ರೋಲ್ ಬಾರ್ ಬೇಕಾಗುತ್ತದೆ. ಹುಡ್‌ನ ಪೈಪಿಗೆ ಬೆಲ್ಟ್ ಕಟ್ಟುವುದು ಬಟ್ಟೆ ಒಣಗಿಸಲು ಸರಿ.

ಈಗ ಆರ್‌ಟಿಒ. ಇಲ್ಲಿ ನಿಮ್ಮ ಪತ್ರದಲ್ಲಿ ಒಂದು ಮುಖ್ಯ ಮಾಹಿತಿ ಬಿಟ್ಟಿದ್ದೀರಿ. ಆರ್‌ಸಿಯಲ್ಲಿ ಎಷ್ಟು ಸೀಟು ಎಂದು ಬರೆದಿದೆ? ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುವುದು ಇಷ್ಟು: ಕಂಪನಿ ಕೊಟ್ಟ ವಿವರಕ್ಕೂ ಆರ್‌ಸಿಯ ವಿವರಕ್ಕೂ ತಾಳೆ ತಪ್ಪುವ ಹಾಗೆ ಗಾಡಿ ಬದಲಾಯಿಸಬಾರದು. ಕೇರಳದಿಂದ ಹೋದ ಒಂದು ಪ್ರಕರಣದಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಪ್ಪಿಗೆ ಇಲ್ಲದ ಬದಲಾವಣೆ ಒಂದೊಂದಕ್ಕೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಎಂದು ಸೇರಿಸಿದರು. ಸೀಟುಗಳ ಸಂಖ್ಯೆ ಆರ್‌ಸಿಯಲ್ಲಿ ಬರೆದಿರುವ ವಿವರಗಳಲ್ಲಿ ಒಂದು.

ಈಗ ಯೋಚಿಸಿ. ನಿಮ್ಮ ಬೆಂಚೇ ಕಂಪನಿಯದ್ದಲ್ಲ. ಹಿಂದಿನವರು ಅದನ್ನು ಹಾಕುವಾಗ ಒಂದು ಸೀಟು ಜಾಸ್ತಿ ಮಾಡಿದ್ದರೆ, ತಾಳೆ ತಪ್ಪಿರುವುದು ಈಗಲೇ. ಬಕೆಟ್ ಹಾಕಿ ಎರಡಕ್ಕೆ ಇಳಿಸಿದರೆ ನೀವು ತಪ್ಪನ್ನು ಸರಿ ಮಾಡಿದ ಹಾಗಾಗಬಹುದು. ಆರ್‌ಸಿಯ ಲೆಕ್ಕದಲ್ಲಿ ಮುಂದೆ ಮೂರು ಇದ್ದರೆ, ಎರಡು ಬಕೆಟ್ ಹಾಕಿದಾಗ ಒಂದು ಕಡಿಮೆ ಬೀಳುತ್ತದೆ. ಖಾಸಗಿ ಗಾಡಿಗೆ 15 ವರ್ಷದ ಮೇಲೆ ಐದೈದು ವರ್ಷಕ್ಕೆ ರಿನೀವಲ್. ಇನ್‌ಸ್ಪೆಕ್ಟರ್ ಗಾಡಿ ಸುತ್ತ ಬಂದು ನೋಡುವುದು ಆಗಲೇ. ಆದ್ದರಿಂದ ಕೆಲಸಕ್ಕೆ ಕೈ ಹಾಕುವ ಮುಂಚೆ ಆರ್‌ಸಿ ಹಿಡಿದು ನಿಮ್ಮ ಆರ್‌ಟಿಒ ಕಚೇರಿಗೆ ಒಮ್ಮೆ ಹೋಗಿ ಬನ್ನಿ. ಇನ್ಶೂರೆನ್ಸ್ ಕಂಪನಿಗೂ ಬರವಣಿಗೆಯಲ್ಲಿ ತಿಳಿಸಿ. ಸೀಜ್‌ಗಿಂತ ನನಗೆ ಹೆದರಿಕೆ ಅಪಘಾತದ ನಂತರ ಕ್ಲೇಮ್ ತಿರಸ್ಕರಿಸುವ ಪತ್ರದ್ದು.

ನಿಮ್ಮ ಜಾಗದಲ್ಲಿ ನಾನಿದ್ದರೆ ಏನು ಮಾಡುತ್ತಿದ್ದೆ? ಆರ್‌ಸಿಯಲ್ಲಿ ಮೂರು ನಿಲ್ಲುವುದಾದರೆ ಬೆಂಚನ್ನು ಪೂರ್ತಿ ಎಸೆಯುತ್ತಿರಲಿಲ್ಲ. ಅದನ್ನು ಕತ್ತರಿಸಿ ಒಂದು ಮತ್ತು ಎರಡು ಮಾಡಿಸುತ್ತಿದ್ದೆ. ಡ್ರೈವರ್‌ಗೆ ಹಿಂದೆ ಮುಂದೆ ಸರಿಯುವ, ಒರಗುವ ಮಾಮೂಲಿ ಬಕೆಟ್ ಸೀಟು. ಎಡಗಡೆ ಇಬ್ಬರ ಸೀಟು ಹಾಗೇ. ಸೊಂಟ ನೋವು ಡ್ರೈವರ್‌ಗೆ, ಬದಲಾಗಬೇಕಾದ್ದು ಅವನ ಸೀಟು ತಾನೆ? ಎರಡೂ ಕಡೆ ಬಕೆಟ್ ಹಾಕಿದರೆ ಚೆಂದ ಕಾಣುತ್ತದೆ, ಒಪ್ಪುತ್ತೇನೆ. ಆದರೆ ಬೆಂಚಿನಿಂದ ಸಿಗುತ್ತಿದ್ದ ಅನುಕೂಲಗಳು ಹೋದ ಮೇಲೆ ನೆನಪಾಗುತ್ತವೆ. ಧರೆಗೆ ಒತ್ತಿ ನಿಲ್ಲಿಸಿದಾಗ ಬಲಗಡೆ ಇಳಿಯಲು ಜಾಗ ಇರುವುದಿಲ್ಲ, ಎಡಕ್ಕೆ ಜಾರಿ ಇಳಿಯುತ್ತೀರಿ. ಮಧ್ಯೆ ನಾಯಿ ಕೂರುತ್ತದೆ, ಗೊಬ್ಬರದ ಚೀಲ ಕೂರುತ್ತದೆ. ನಡುವಿನ ಸೀಟಿನಲ್ಲಿ ಗೇರ್ ಲಿವರ್‌ಗೆ ಕಾಲು ಅಡ್ಡವಾಗಿ ಕೂರುವವರ ಬಗ್ಗೆ ಮಾತ್ರ ನನಗೆ ಯಾವತ್ತೂ ಸಮಾಧಾನ ಇಲ್ಲ. ಅಲ್ಲಿ ಸೊಂಟದ ಬೆಲ್ಟಾದರೂ ಹಾಕಿಸಿ, ಮಕ್ಕಳನ್ನು ಕೂರಿಸಬೇಡಿ.

ದುಡ್ಡು ಕಡಿಮೆ ಎಂದರೆ ಬೆಂಚ್ ಇಟ್ಟುಕೊಂಡೇ ಸುಧಾರಿಸಬಹುದು. ಕುಶನ್ ಅಂಗಡಿಯಲ್ಲಿ ಫೋಮ್ ಬದಲಾಯಿಸಿ. ಮೆತ್ತಗಿನ ಫೋಮ್ ಕೈಗೆ ಹಿತ, ಹಳ್ಳದಲ್ಲಿ ತಳ ಮುಟ್ಟುತ್ತದೆ. ಗಟ್ಟಿ, ಒತ್ತು ಫೋಮ್ ಕೇಳಿ. ತೊಡೆಯ ಕಡೆ ಎರಡು ಬೆರಳು ಎತ್ತರ, ಹಿಂದೆ ಸೊಂಟದ ಬಳಿ ಸಣ್ಣ ಉಬ್ಬು ಕೊಡಿಸಿ. ಒರಗನ್ನು ಸ್ವಲ್ಪ ಹಿಂದಕ್ಕೆ ವಾಲಿಸಿ. ಹೊದಿಕೆ ರೆಕ್ಸಿನ್ ಇರಲಿ. ಕಾರಿನ ಬಟ್ಟೆಯ ಸೀಟು ನಿಮ್ಮ ಕಡೆಯ ಆಷಾಢದಲ್ಲಿ ಒಂದು ವಾರಕ್ಕೆ ಬೂಷ್ಟು ಹಿಡಿಯುತ್ತದೆ. ಗುಜರಿ ಸೀಟು ತಂದರೂ ಮೊದಲು ರೆಕ್ಸಿನ್ ಹೊದಿಸಿ, ಕೆಳಗಿನ ರೈಲಿಗೆ ಗ್ರೀಸ್ ಹಾಕಿಸಿ.

ಟಿಂಕರ್‌ನಿಂದ ಗಾಡಿ ತರುವ ದಿನ ಸೀಟಿನ ನೆತ್ತಿ ಎರಡೂ ಕೈಯಲ್ಲಿ ಹಿಡಿದು ಹಿಂದೆ ಮುಂದೆ ಜೋರಾಗಿ ಅಲ್ಲಾಡಿಸಿ. ಆಗ ಇನ್ನೊಬ್ಬರು ಕೆಳಗೆ ಮಲಗಿ ತಗಡು ಮಿಸುಕುತ್ತದೆಯೇ ನೋಡಲಿ. ಮಿಸುಕಿದರೆ ದುಡ್ಡು ಕೊಡಬೇಡಿ. ಒಂದು ವಾರ ತೋಟದಲ್ಲಿ ಓಡಿಸಿ ಎಲ್ಲ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿಸಿ. ಆಮೇಲೆ ಮಳೆಗಾಲ ಮುಗಿದ ಕೂಡಲೇ, ಕಾಫಿ ಕೊಯ್ಲು ಶುರುವಾಗುವ ಮುಂಚೆ, ವರ್ಷಕ್ಕೊಮ್ಮೆ ಚಾಪೆ ಎತ್ತಿ ಸ್ಕ್ರೂಡ್ರೈವರ್‌ನಿಂದ ಕುಟ್ಟಿ ನೋಡಿ.